ವರದಿಯಲ್ಲಿ 'ನೆಗೆಟಿವ್' ಎಂದರೆ ರೋಗವಿಲ್ಲ ಎಂದಲ್ಲ

ಉಟಗಿ (ತಾ. ಜತ್): ಸ್ತನದ ಗಂಟು, ಮರಾಠಿಯ 'ಗಾಠ', ತೋರಿಸಲು ಗಡಿಭಾಗದವರು ಮಿರಜ, ಸಾಂಗಲಿ ಅಥವಾ ವಿಜಯಪುರಕ್ಕೆ ಹೋಗುತ್ತಾರೆ. ಕೊನೆಗೆ ಕೈಗೆ ಬರುವುದು ಇಂಗ್ಲಿಷಿನ ವರದಿ. ಅದರಲ್ಲಿ 'ಇ-ಕ್ಯಾಡ್ಹೆರಿನ್ ನೆಗೆಟಿವ್' ಎಂದಿದ್ದರೆ ರೋಗವಿಲ್ಲ ಎಂದು ಸಮಾಧಾನಪಡುವಂತಿಲ್ಲ. ಮಲೇರಿಯಾ ಪರೀಕ್ಷೆಯ ನೆಗೆಟಿವ್ ಬೇರೆ, ಇದು ಬೇರೆ.

ಕೋಶಗಳ ಹಿಡಿತ

ದಾಳಿಂಬೆಯ ಕಾಳುಗಳಂತೆ ದೇಹದ ಕೋಶಗಳೂ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಅವುಗಳನ್ನು ಹಿಡಿದಿಡುವ ಪ್ರೋಟೀನುಗಳಲ್ಲಿ ಇ-ಕ್ಯಾಡ್ಹೆರಿನ್ ಮುಖ್ಯವಾದದ್ದು. ಕ್ಯಾಲ್ಸಿಯಂ ಇದ್ದರೆ ಮಾತ್ರ ಅದರ ಹಿಡಿತ ನಿಲ್ಲುತ್ತದೆ. ಜಪಾನಿನ ವಿಜ್ಞಾನಿ ಮಸಾತೋಶಿ ತಕೇಚಿ 1980ರ ದಶಕದಲ್ಲಿ ಈ ಗುಂಪಿಗೆ ಕ್ಯಾಡ್ಹೆರಿನ್ ಎಂದು ಹೆಸರಿಟ್ಟರು.

ಬಣ್ಣ ಹಾಕುವುದು ಹೇಗೆ?

ಗಂಟಿನಿಂದ ತೆಗೆದ ತುಂಡನ್ನು ಕೂಡಲೇ ಶೇ. 10ರ ಫಾರ್ಮಲಿನ್‌ನಲ್ಲಿ ಹಾಕಬೇಕು. ಸ್ತನದ ತುಂಡು ಅದರಲ್ಲಿ 6ರಿಂದ 72 ಗಂಟೆ ಇರಬೇಕು. ತಡವಾದರೆ ಪ್ರೋಟೀನು ಕೆಟ್ಟು ಬಣ್ಣ ಸರಿಯಾಗಿ ಹಿಡಿಯದು. ನಂತರ ತುಂಡನ್ನು ಮೇಣದಲ್ಲಿ ಕೂಡಿಸಿ, ಸುಮಾರು 4 ಮೈಕ್ರಾನ್ ದಪ್ಪದ ಪದರು ಕತ್ತರಿಸಿ ಗಾಜಿನ ಮೇಲೆ ಇಡುತ್ತಾರೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಮೇಣ ಕರಗಿಸಿ, ಬಿಸಿ ದ್ರಾವಣದಲ್ಲಿಟ್ಟು, ಇ-ಕ್ಯಾಡ್ಹೆರಿನ್‌ಗೆ ಮಾತ್ರ ಅಂಟುವ ಪ್ರತಿಕಾಯ ಹಾಕುತ್ತಾರೆ. ಅದು ಅಂಟಿದಲ್ಲಿ ಕಂದು ಬಣ್ಣ ಮೂಡುತ್ತದೆ. ಕೋಶದ ನಡುವಿನ ಕೇಂದ್ರಕ್ಕೆ ನೀಲಿ ಬಣ್ಣ ಕೊಡುತ್ತಾರೆ.

ಓದುವುದು ಹೇಗೆ?

ಕ್ಯಾನ್ಸರ್ ಇದೆಯೇ ಎಂಬುದನ್ನು ತಜ್ಞರು ಸಾಮಾನ್ಯ ಬಣ್ಣದ ಗಾಜಿನಲ್ಲಿ ಮೊದಲೇ ನೋಡಿರುತ್ತಾರೆ. ಈ ಪರೀಕ್ಷೆ ಅದು ಯಾವ ಬಗೆಯದು ಎಂದು ತಿಳಿಯಲು. ಕೋಶಗಳ ಸುತ್ತ ಬಲೆಯಂತೆ ಕಂದು ಗೆರೆ ಕಂಡರೆ ಸಾಮಾನ್ಯವಾಗಿ 'ಡಕ್ಟಲ್' ಬಗೆ. ಗೆರೆ ಇಲ್ಲದೆ ಕೋಶಗಳು ಇರುವೆ ಸಾಲಿನಂತೆ ಬಿಡಿಬಿಡಿಯಾಗಿ ಹೊರಟಿದ್ದರೆ 'ಲೋಬುಲರ್' ಬಗೆ. ಎರಡೂ ಕ್ಯಾನ್ಸರೇ. ಸ್ತನ ಕ್ಯಾನ್ಸರುಗಳಲ್ಲಿ ಶೇ. 10ರಿಂದ 15ರಷ್ಟು ಲೋಬುಲರ್. ಇದು ಗಟ್ಟಿ ಗಂಟಾಗದೆ ಹರಡಬಹುದು, ಮ್ಯಾಮೊಗ್ರಾಂನಲ್ಲಿ ಸ್ಪಷ್ಟವಾಗಿ ಕಾಣದೆ ಇರಬಹುದು. ಆದ್ದರಿಂದ ಎಂ.ಆರ್.ಐ. ಬೇಕೇ, ಶಸ್ತ್ರಚಿಕಿತ್ಸೆ ಎಷ್ಟು ಎಂಬುದನ್ನು ವೈದ್ಯರು ಯೋಚಿಸಬೇಕಾಗುತ್ತದೆ.

ಬಣ್ಣವೇ ಕೆಟ್ಟಿದ್ದರೆ? ಅದಕ್ಕಾಗಿ ಅದೇ ಗಾಜಿನ ಆರೋಗ್ಯವಂತ ನಾಳಗಳನ್ನು ನೋಡುತ್ತಾರೆ. ಅವೂ ಕಂದಾಗದಿದ್ದರೆ ಪರೀಕ್ಷೆ ಮತ್ತೆ ಮಾಡಬೇಕು.

ಮನೆಯವರು ಗಮನಿಸಬೇಕಾದ್ದು

'ನೆಗೆಟಿವ್' ಎಂಬ ಪದ ಕಂಡಾಗ ಯಾವುದು ನೆಗೆಟಿವ್ ಎಂದು ವೈದ್ಯರನ್ನೇ ಕೇಳಬೇಕು, ಚಿಕಿತ್ಸೆ ನಿಲ್ಲಿಸಬಾರದು. ಮೇಣದ ಬ್ಲಾಕ್ ಮತ್ತು ಗಾಜುಗಳನ್ನು ಜೋಪಾನವಾಗಿ ಇಡಬೇಕು. ಮುಂಬೈಯ ಟಾಟಾ ಅಥವಾ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗುವ ಸಂದರ್ಭ ಬಂದರೆ, ಬ್ಲಾಕಿನಲ್ಲಿ ತುಂಡು ಸಾಕಷ್ಟು ಉಳಿದಿದ್ದಲ್ಲಿ ಮತ್ತೆ ಸೂಜಿ ಚುಚ್ಚದೆ ಅದರಿಂದಲೇ ಪರೀಕ್ಷಿಸಬಹುದು.