ಹಲಸೂರು ಗೇಟಿನಲ್ಲಿ ಗೇಟಿಲ್ಲ

ಧಾರವಾಡದಿಂದ ಬಂದ ಗೆಳೆಯನಿಗೆ ‘ಹಲಸೂರು ಗೇಟ್ ಪೊಲೀಸ್ ಠಾಣೆ ಹತ್ತಿರ ನಿಂತಿರು, ಬರ್ತೀನಿ’ ಅಂದಿದ್ದೆ. ಅರ್ಧ ಗಂಟೆ ಬಿಟ್ಟು ಫೋನು ಬಂತು. ‘ಹಲಸೂರಿನ್ಯಾಗ ಇಳದೇನಿ. ಮೆಟ್ರೊ ಸ್ಟೇಷನ್ ಐತಿ, ಕೆರಿ ಐತಿ, ಗೇಟ್ ಎಲ್ಲೈತೋ ಮಾರಾಯಾ?’

ತಪ್ಪು ಅವನದಲ್ಲ. ಹಲಸೂರಿಗೂ ಹಲಸೂರು ಗೇಟಿಗೂ ನಡುವೆ ಐದಾರು ಕಿಲೊಮೀಟರ್ ಇದೆ. ಹಳೆಯ ಬೆಂಗಳೂರು ಪೇಟೆಯ ಸುತ್ತ ಮಣ್ಣಿನ ಕೋಟೆಗೋಡೆ, ಕಂದಕ ಇದ್ದ ಕಾಲದಲ್ಲಿ ದಾರಿ ಹೋಗಿ ಮುಟ್ಟುವ ಊರಿನ ಹೆಸರನ್ನೇ ಬಾಗಿಲಿಗೆ ಇಡುತ್ತಿದ್ದರು. ಪೂರ್ವಕ್ಕೆ ಹಲಸೂರು, ಉತ್ತರಕ್ಕೆ ಯಲಹಂಕ, ದಕ್ಷಿಣಕ್ಕೆ ಆನೇಕಲ್, ಪಶ್ಚಿಮಕ್ಕೆ ಸೊಂಡೆಕೊಪ್ಪ. ಗೋಡೆ ಹೋಯಿತು, ಕಂದಕ ಮುಚ್ಚಿತು, ಬಾಗಿಲೂ ಹೋಯಿತು. ಹೆಸರೊಂದು ಪೊಲೀಸ್ ಠಾಣೆಯ ಬೋರ್ಡಿನ ಮೇಲೆ ಉಳಿದುಕೊಂಡಿದೆ.

ಬೆಂಗಳೂರಿನಲ್ಲಿ ಓಡಾಡಬೇಕೆಂದರೆ ಬಸ್ ನಂಬರಿಗಿಂತ ಮೊದಲು ಈಗ ಇಲ್ಲದಿರುವ ಸಂಗತಿಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಕು. ಮೆಜೆಸ್ಟಿಕ್‌ಗೆ ಆ ಹೆಸರು ಕೊಟ್ಟ ಚಿತ್ರಮಂದಿರ ಈಗಿಲ್ಲ. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಕರಗಿಹೋದರೂ ‘ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್’ ಎಂದು ಕಂಡಕ್ಟರ್ ಕೂಗುವುದು ನಿಂತಿಲ್ಲ. ಯಲಹಂಕ ಬಾಗಿಲು ಇದ್ದದ್ದು ಅದೇ ವೃತ್ತದ ಬಳಿ. ಅಲ್ಲಿಗೆ ಒಂದೇ ಜಾಗದಲ್ಲಿ ಇಲ್ಲದ್ದು ಎರಡಾಯಿತು. ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ ಇಳಿಯುವವರು ಯಾರೂ ಡಬ್ಬ ಮಾಡುವ ಕೆಲಸಕ್ಕೆ ಹೋಗುವವರಲ್ಲ.

ಗೆಳೆಯ ಕೊನೆಗೂ ಬಂದು ಸೇರಿದ. ಅಲ್ಲಿಂದ ಪೇಟೆಯೊಳಗೆ ನಡೆದೇ ಹೋದೆವು, ಬೇರೆ ದಾರಿಯೂ ಇರಲಿಲ್ಲ. 1537ರಲ್ಲಿ ಕೆಂಪೇಗೌಡರು ಎತ್ತುಗಳಿಗೆ ನೇಗಿಲು ಕಟ್ಟಿಸಿ ನಾಲ್ಕು ದಿಕ್ಕಿಗೆ ಗೆರೆ ಎಳೆಸಿದರು ಎನ್ನುವ ಕಥೆ ಎಲ್ಲರಿಗೂ ಗೊತ್ತು. ತೆಂಕಣದಿಂದ ಬಡಗಣಕ್ಕೆ ದೊಡ್ಡಪೇಟೆ, ಅದನ್ನು ಅಡ್ಡಹಾಯುವುದು ಚಿಕ್ಕಪೇಟೆ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ. ಎತ್ತಿನ ಗಾಡಿಗೆ ಅಳೆದ ಬೀದಿಯಲ್ಲಿ ಗೂಡ್ಸ್ ಆಟೊ, ತಳ್ಳುಗಾಡಿ, ಬೆನ್ನ ಮೇಲೆ ಬಟ್ಟೆ ಗಂಟು ಹೊತ್ತ ಹಮಾಲಿ, ಮದುವೆ ಸೀರೆಗೆ ಬಂದ ಹದಿನಾಲ್ಕು ಜನರ ಒಂದು ಮನೆತನ, ಎಲ್ಲರೂ ಒಟ್ಟಿಗೇ ಸಾಗಬೇಕು. ಹಿಂದಿನಿಂದ ‘ಸೈಡ್ ಸೈಡ್’ ಎಂದು ಕೇಳಿದರೆ ತಿರುಗಿ ನೋಡಬಾರದು, ಸುಮ್ಮನೆ ಅಂಗಡಿಯ ಮೆಟ್ಟಿಲು ಹತ್ತಬೇಕು. ನನ್ನ ಗೆಳೆಯ ತಿರುಗಿ ನೋಡಿದ, ಮೊಣಕೈಗೆ ತಳ್ಳುಗಾಡಿ ತಾಗಿಸಿಕೊಂಡ.

ಪೇಟೆಯಲ್ಲಿ ವಿಳಾಸ ಕೇಳಿದರೆ ಉಪಯೋಗವಿಲ್ಲ, ಬೇಕಾದ ಸಾಮಾನು ಹೇಳಬೇಕು. ‘ಪಠ್ಯಪುಸ್ತಕ’ ಎಂದರೆ ಅವೆನ್ಯೂ ರಸ್ತೆಗೆ ಕೈ ತೋರಿಸುತ್ತಾರೆ. ‘ರೇಷ್ಮೆ ಸೀರೆ’ ಎಂದರೆ ಚಿಕ್ಕಪೇಟೆ, ‘ಕಂಪ್ಯೂಟರ್ ಪಾರ್ಟು’ ಎಂದರೆ ಎಸ್.ಪಿ. ರೋಡು, ‘ಕಾರಿನ ಸ್ಪೇರು’ ಎಂದರೆ ಜೆ.ಸಿ. ರೋಡು. ಹಳಬರು ಬೀದಿಗಳಿಗೆ ಹೆಸರಿಟ್ಟದ್ದೂ ಹೀಗೆಯೇ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಕಸುಬಿನವರ ಹೆಸರಲ್ಲಿ ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ. ಈಗ ಅಕ್ಕಿಪೇಟೆಗೆ ಅಕ್ಕಿ ತರಲು, ಕುಂಬಾರಪೇಟೆಗೆ ಗಡಿಗೆ ತರಲು ಹೋಗುವವರು ಯಾರಿದ್ದಾರೆ? ಆದರೂ ಒಂದು ಸರಕು ಒಂದು ಬೀದಿ ಎಂಬ ಹಳೆಯ ಲೆಕ್ಕ ಬದಲಾಗಿಲ್ಲ, ಸರಕು ಬದಲಾಗಿದೆ ಅಷ್ಟೇ. ಇಷ್ಟು ತಿಳಿದವನಿಗೆ ಪೇಟೆಯಲ್ಲಿ ಮೊಬೈಲ್ ನಕ್ಷೆ ಬೇಕಾಗುವುದಿಲ್ಲ. ಇದು ತಿಳಿಯದವನಿಗೆ ನಕ್ಷೆ ಇದ್ದೂ ಉಪಯೋಗವಿಲ್ಲ, ಮೂರಡಿ ಅಗಲದ ಸಂದಿಯನ್ನೂ ಅದು ರಸ್ತೆಯೆಂದೇ ತೋರಿಸುತ್ತದೆ.

ಪೇಟೆಯ ನಿಜವಾದ ನಕ್ಷೆಯನ್ನು ನೋಡಬೇಕೆಂದರೆ ಚೈತ್ರ ಹುಣ್ಣಿಮೆಯ ರಾತ್ರಿ ಬರಬೇಕು. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ, ಖಡ್ಗ ಹಿಡಿದ ವೀರಕುಮಾರರ ನಡುವೆ ಪೇಟೆ ಪೇಟೆ ಸುತ್ತಿ, ಅರಳೆಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ, ಬೆಳಕು ಹರಿಯುವ ಹೊತ್ತಿಗೆ ಗುಡಿಗೆ ಮರಳುತ್ತದೆ. ಈ ನಗರದಲ್ಲಿ ಇಷ್ಟು ಹಳೆಯ, ಇಷ್ಟು ಕರಾರುವಾಕ್ಕಾದ ‘ರೂಟ್’ ಇನ್ನೊಂದಿಲ್ಲ. ಬೇರೆ ದಿನಗಳಲ್ಲಿ ಬರುವವರಿಗೆ ನನ್ನ ಸಲಹೆ ಒಂದೇ: ಬೆಳಕು ಹರಿಯುವ ಮೊದಲು ಕೆ.ಆರ್. ಮಾರ್ಕೆಟ್‌ಗೆ ಬನ್ನಿ. ಸೇವಂತಿಗೆ ಮೂಟೆಗಳನ್ನು ಬಿಚ್ಚುವ ಹೊತ್ತು ಅದು. ಅಷ್ಟೊತ್ತಿಗೆ ಅಂಗಡಿಗಳ ಬಾಗಿಲು ಇನ್ನೂ ತೆರೆದಿರುವುದಿಲ್ಲವಾದ್ದರಿಂದ ಬೀದಿಯ ಅಗಲ ಎಷ್ಟೆಂಬುದೂ ಕಣ್ಣಿಗೆ ಬೀಳುತ್ತದೆ.

ಇದೇ ಪೇಟೆಯ ಹೊಟ್ಟೆಯಡಿಯಲ್ಲಿ ಈಗ ಮೆಟ್ರೊ ಓಡುತ್ತದೆ. ಸುರಂಗ ಕೊರೆಯುವ ಯಂತ್ರಗಳಿಗೆ ಗೋದಾವರಿ, ಕಾವೇರಿ, ಕೃಷ್ಣಾ ಎಂದು ನದಿಗಳ ಹೆಸರಿಟ್ಟಿದ್ದರು. ಹಸಿರು ಮಾರ್ಗದ ಈ ಭಾಗ 2017ರ ಜೂನ್‌ನಲ್ಲಿ ತೆರೆದ ಮೇಲೆ ಚಿಕ್ಕಪೇಟೆಗೆ ಜಯನಗರದಿಂದ ಬರುವುದು ಕಾಲುಗಂಟೆಯ ಮಾತು. ಅಲ್ಲಿಂದ ಮೇಲೆ ಬಂದು ಸೀರೆ ಅಂಗಡಿ ಮುಟ್ಟಲು ಇನ್ನೊಂದು ಕಾಲುಗಂಟೆ ಹಿಡಿದರೆ ಅದಕ್ಕೆ ಮೆಟ್ರೊ ಹೊಣೆಯಲ್ಲ.

ಮುಂದಿನ ನಿಲ್ದಾಣ ಮೆಜೆಸ್ಟಿಕ್. ನೇರಳೆ, ಹಸಿರು ಎರಡೂ ಮಾರ್ಗಗಳು ಇಲ್ಲಿ ಕೂಡುತ್ತವೆ. ಮೇಲೆ ಬಿ.ಎಂ.ಟಿ.ಸಿ., ಎದುರಿಗೆ ಕೆ.ಎಸ್.ಆರ್.ಟಿ.ಸಿ., ರಸ್ತೆಯಾಚೆ ರೈಲು ನಿಲ್ದಾಣ. ಬಸ್ಸುಗಳು ನಿಂತಿರುವ ಆ ತಗ್ಗು ಒಂದು ಕಾಲಕ್ಕೆ ಪೇಟೆಗೆ ನೀರು ಕೊಡುತ್ತಿದ್ದ ಧರ್ಮಾಂಬುಧಿ ಕೆರೆ. ಜೋರು ಮಳೆ ಬಂದಾಗ ನೆಲಕ್ಕೆ ಅದು ನೆನಪಾಗುತ್ತದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಕೋರಮಂಗಲದ ಕೆರೆ ರಾಷ್ಟ್ರೀಯ ಕ್ರೀಡಾಗ್ರಾಮವಾಯಿತು. ಮಳೆಗಾಲದಲ್ಲಿ ಯಾವ ರಸ್ತೆ ಹಿಡಿಯಬಾರದೆಂದು ತಿಳಿಯಲು ಹಳೆಯ ಕೆರೆಗಳ ನಕ್ಷೆಯಷ್ಟು ನಂಬಿಕೆಯ ಸಾಧನ ಬೇರೆ ಇಲ್ಲ.

ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ರೈಲು ನೆಲದಡಿಯಲ್ಲೇ ಸಾಗಿ ಕಬ್ಬನ್ ಪಾರ್ಕ್ ದಾಟಿ ಎಂ.ಜಿ. ರೋಡಿನಲ್ಲಿ ಬೆಳಕಿಗೆ ತಲೆಯೆತ್ತುತ್ತದೆ. ಅಲ್ಲಿಂದ ದಂಡು. ಶ್ರೀರಂಗಪಟ್ಟಣದಿಂದ ಬ್ರಿಟಿಷರ ಸೇನೆ ಇಲ್ಲಿಗೆ ಬಂದು ಬೀಡುಬಿಟ್ಟದ್ದು 1809ರಲ್ಲಿ. ಕಂಟೋನ್ಮೆಂಟ್ ರೈಲು ನಿಲ್ದಾಣದ ಕನ್ನಡ ಬೋರ್ಡಿನಲ್ಲಿ ಇವತ್ತಿಗೂ ‘ದಂಡು’ ಎಂದೇ ಇದೆ. ಪೇಟೆಯ ಬೀದಿಗೆ ಮಾರುವವನ ಹೆಸರಾದರೆ ದಂಡಿನ ಬೀದಿಗೆ ಕವಾಯತಿನವನ ಹೆಸರು: ಇನ್‌ಫೆಂಟ್ರಿ ರೋಡ್, ಆರ್ಟಿಲರಿ ರೋಡ್, ಬ್ರಿಗೇಡ್ ರೋಡ್. ಎಂ.ಜಿ. ರೋಡು ಮೊದಲು ಸೌತ್ ಪೆರೇಡ್. ಇಲ್ಲಿ ನಡೆಯಲು ಜಾಗವಿದೆ, ನೆರಳಿದೆ, ಹೆಚ್ಚು ಹೇಳುವಂಥದ್ದಿಲ್ಲ. ಶಿವಾಜಿನಗರಕ್ಕೆ ಹೋದರೆ ಮಾತ್ರ ರಸೆಲ್ ಮಾರ್ಕೆಟಿನ ಸುತ್ತ ಮತ್ತೆ ಪೇಟೆಯೇ ಎದುರಾಗುತ್ತದೆ. ದಂಡಿಗೂ ಹೊಟ್ಟೆಪಾಡು ಇತ್ತಲ್ಲ.

ಪೇಟೆ, ದಂಡು ಎರಡೂ ಬೇರೆ ಬೇರೆ ಆಡಳಿತದ ಊರುಗಳಾಗಿದ್ದವು. 1949ರಲ್ಲಿ ಎರಡು ಮುನಿಸಿಪಾಲಿಟಿಗಳನ್ನು ಕೂಡಿಸಿ ಒಂದು ಕಾರ್ಪೊರೇಷನ್ ಮಾಡಿದರು, 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದರು. ಆಟೊದವರಿಗೆ ಇದರಿಂದ ವ್ಯತ್ಯಾಸವೇನೂ ಆದಂತಿಲ್ಲ. ‘ಆ ಕಡೆ ಬರಲ್ಲ ಸಾರ್’ ಎನ್ನುವವರು ಈಗಲೂ ಬರುವುದಿಲ್ಲ. 2025ರ ಆಗಸ್ಟ್‌ನಿಂದ ಮೊದಲ ಎರಡು ಕಿಲೊಮೀಟರಿಗೆ 36 ರೂಪಾಯಿ, ಆಮೇಲೆ ಕಿಲೊಮೀಟರಿಗೆ 18 ಎಂದು ಸರ್ಕಾರ ದರ ಗೊತ್ತುಮಾಡಿದೆ. ಮೀಟರ್ ಹಾಕುವವರು ಸಿಕ್ಕರೆ ಅದು ನಿಮ್ಮ ಪುಣ್ಯ.

ಪೇಟೆಗೂ ದಂಡಿಗೂ ಸೇರದ ಇನ್ನೊಂದು ಬಗೆಯ ಊರಿದೆ. 1898ರ ಪ್ಲೇಗಿನ ನಂತರ ಗಾಳಿ ಬೆಳಕು ಬೇಕೆಂದು ಬೆಳೆದ ಮಲ್ಲೇಶ್ವರ, ಬಸವನಗುಡಿ. ಇಲ್ಲಿ ಅಂಕಿಯೇ ವಿಳಾಸ. ‘ಎಂಟನೇ ಕ್ರಾಸ್ ಹತ್ರ ಸಿಗ್ತೀನಿ’ ಎಂದರೆ ಮಲ್ಲೇಶ್ವರದವರು ಎಲ್ಲಿ, ಯಾವ ಕಡೆ ಎಂದು ಮರುಪ್ರಶ್ನೆ ಹಾಕುವುದಿಲ್ಲ. ಬೆಂಗಳೂರಿನಲ್ಲಿ ದಾರಿ ತಪ್ಪುವುದು ಕಷ್ಟವಿರುವ ಜಾಗಗಳು ಇವೆರಡೇ ಎಂದು ನನ್ನ ಅಭಿಪ್ರಾಯ. ಜಯನಗರದವರು ಜಗಳಕ್ಕೆ ಬಂದರೆ ಬರಲಿ.

ಹೊಸ ಊರಿಗೆ ಬಂದರೆ ಈ ಮೂರೂ ಲೆಕ್ಕಗಳು ಕೆಲಸ ಮಾಡುವುದಿಲ್ಲ. ಎಲೆಕ್ಟ್ರಾನಿಕ್ ಸಿಟಿ, ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್. ಇಲ್ಲಿ ದೂರವನ್ನು ಯಾರೂ ಕಿಲೊಮೀಟರಿನಲ್ಲಿ ಹೇಳುವುದಿಲ್ಲ, ‘ಸಿಲ್ಕ್ ಬೋರ್ಡಿಗೆ ಈಗ ಹೊರಟ್ರೆ ಮುಕ್ಕಾಲು ಗಂಟೆ, ಆರು ಗಂಟೆಗೆ ಹೊರಟ್ರೆ ದೇವರೇ ಗತಿ’ ಎನ್ನುತ್ತಾರೆ. ಯಾರನ್ನಾದರೂ ದಾರಿ ಕೇಳೋಣವೆಂದರೆ ಗೇಟಿನಲ್ಲಿರುವ ಕಾವಲುಗಾರ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದು ಮೂರು ತಿಂಗಳಾಗಿರುತ್ತದೆ. ಅವನೇ ನಮ್ಮನ್ನು ದಾರಿ ಕೇಳುತ್ತಾನೆ. 500ಡಿ ಬಸ್ಸಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನತ್ತ ನಿಂತು ಹೋಗುತ್ತ ಕಿಟಕಿಯಾಚೆ ನೋಡಿದರೆ ಎಲ್ಲ ಗಾಜಿನ ಕಟ್ಟಡಗಳೂ ಒಂದೇ ಥರ. ಇಳಿಯುವ ಜಾಗ ಬಂತೋ ಇಲ್ಲವೋ ತಿಳಿಯಲು ಫೋನಿನಲ್ಲಿ ಓಡುವ ನೀಲಿ ಚುಕ್ಕಿಯನ್ನೇ ಕಾಯಬೇಕು.

ಈ ಜಾಗಗಳಿಗೆ ಮೆಟ್ರೊ ತಡವಾಗಿ ಬಂತು. 1978ರ ಸುಮಾರಿಗೆ ಶುರುವಾದ ಎಲೆಕ್ಟ್ರಾನಿಕ್ ಸಿಟಿಗೆ ರೈಲು ಮುಟ್ಟಿದ್ದು 2025ರ ಆಗಸ್ಟ್‌ನಲ್ಲಿ, ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದಲ್ಲಿ. ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗ ಪೂರ್ತಿಯಾದದ್ದು 2023ರ ಅಕ್ಟೋಬರ್‌ನಲ್ಲಿ. ಸುಮಾರು 43 ಕಿಲೊಮೀಟರ್. ಟಿಕೆಟ್ ದರ 2025ರ ಫೆಬ್ರುವರಿಯಲ್ಲಿ ಗರಿಷ್ಠ 90 ರೂಪಾಯಿ ಮುಟ್ಟಿತು. ಆಮೇಲೆ ಒಂದಷ್ಟು ದಿನ ಬಸ್ಸಿನಲ್ಲಿ ಕೂತವರ ಬಾಯಲ್ಲೂ ಅದೇ ಮಾತು.

ಆದರೆ ಮೆಟ್ರೊ ಒಂದು ಉಪಕಾರ ಮಾಡಿದೆ, ಬೇಕೆಂದು ಮಾಡಿತೋ ಇಲ್ಲವೋ. ವೈಟ್‌ಫೀಲ್ಡಿನ ಕಡೆ ಕೂತು ಬೋರ್ಡುಗಳನ್ನು ಓದುತ್ತ ಹೋಗಿ: ಬೆನ್ನಿಗಾನಹಳ್ಳಿ, ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ. ಟೆಕ್ ಪಾರ್ಕುಗಳ ನೆರಳಿನಲ್ಲಿ ಹೆಸರು ಕಳೆದುಕೊಂಡಿದ್ದ ಊರುಗಳು ಇವು. ವರ್ಷಗಟ್ಟಲೆ ‘ಐ.ಟಿ.ಪಿ.ಎಲ್. ಹತ್ರ’ ಎನ್ನುತ್ತಿದ್ದವರು ಈಗ ‘ಪಟ್ಟಂದೂರಲ್ಲಿ ಇಳೀತೀನಿ’ ಎನ್ನಲು ಕಲಿತಿದ್ದಾರೆ. ಪೇಟೆಯಲ್ಲಿ ಹೆಸರು ಉಳಿದು ಬಾಗಿಲು ಹೋಯಿತು. ಇಲ್ಲಿ ಊರು ಇದ್ದೂ ಹೆಸರು ಹೋಗಿತ್ತು.

ಒಮ್ಮೆ ಪಟ್ಟಂದೂರು ಅಗ್ರಹಾರ ನಿಲ್ದಾಣದಲ್ಲಿಳಿದು ಕೆಳಗೆ ಬಂದಾಗ ಕಂಬದ ನೆರಳಿನ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಕೈಯಲ್ಲಿ ಮಡಿಸಿದ ಬಟ್ಟೆ ಚೀಲ.

‘ಮುನ್ನೂರ ಮೂವತ್ತೈದು ಇ ಬಂದ್ರೆ ಹೇಳಪ್ಪ, ಕಣ್ಣು ಕಾಣಲ್ಲ’ ಅಂದರು.

‘ಎಲ್ಲಿಗೆ ಅಜ್ಜಿ?’

‘ಬೆಂಗ್ಳೂರಿಗೆ. ಚಿಕ್ಕಪೇಟೇಲಿ ಮೊಮ್ಮಗೂಗೆ ರೇಷ್ಮೆ ಲಂಗ ತರ್ಬೇಕು.’

ಅಜ್ಜಿ ಕೂತಿದ್ದ ಜಾಗವೂ ಬೆಂಗಳೂರೇ ಎಂದು ಹೇಳುವ ಧೈರ್ಯ ಬರಲಿಲ್ಲ. ‘ಮೇಲೆ ಮೆಟ್ರೊ ಇದೆಯಲ್ಲ ಅಜ್ಜಿ, ಒಂದು ಗಂಟೇಲಿ ಮೆಜೆಸ್ಟಿಕ್. ಬಸ್ಸು ಎರಡು ಗಂಟೆ ತಗೊಳ್ಳುತ್ತೆ’ ಎಂದೆ.

‘ಅದಕ್ಕೆ ದುಡ್ಡು ಕೊಡ್ಬೇಕು. ಇದಕ್ಕೆ ಆಧಾರ್ ಕಾರ್ಡ್ ಸಾಕು’ ಎಂದು ಚೀಲ ತಟ್ಟಿ ತೋರಿಸಿದರು. ತಲೆಯ ಮೇಲೆ ಒಂದು ರೈಲು ಹೋಯಿತು, ಅದರ ಹಿಂದೆ ಇನ್ನೊಂದು. ಬಸ್ಸು ಬಂದಾಗ ಒಳಗೆ ನಿಲ್ಲಲೂ ಜಾಗವಿರಲಿಲ್ಲ. ‘ಮುಂದೆ ಹೋಗಿ, ಮುಂದೆ ಹೋಗಿ, ಅಜ್ಜಿಗೆ ಸೀಟು ಬಿಡ್ರಮ್ಮ’ ಎಂದು ಕೂಗುತ್ತಲೇ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಟ್ಟ.