ಆರ್ಜಿನೀನೂ ಪುರುಷರ ಸಂತಾನಶಕ್ತಿಯೂ

ದೇಹದ ಪ್ರೋಟೀನುಗಳೆಲ್ಲವೂ ಸುಮಾರು 20 ಬಗೆಯ ಅಮೈನೋ ಆಮ್ಲಗಳಿಂದ ಕಟ್ಟಲ್ಪಟ್ಟಿರುವುವು. ಇವುಗಳಲ್ಲಿ ಒಂದಾದ ಆರ್ಜಿನೀನನ್ನು 1886ರಲ್ಲಿ ಷುಲ್ಟ್ಜೆ ಮತ್ತು ಸ್ಟೈಗರ್ ಎಂಬವರು ಲ್ಯೂಪಿನ್ ಎಂಬ ದ್ವಿದಳಸಸ್ಯದ ಮೊಳಕೆಗಳಿಂದ ಬೇರ್ಪಡಿಸಿದರು. ಇದನ್ನು ಸೇವಿಸಿದರೆ ಪುರುಷರ ಸಂತಾನಶಕ್ತಿ ಹೆಚ್ಚುವುದೆಂಬ ನಂಬಿಕೆಯು ಈಗ ಬಹಳವಾಗಿ ಹರಡಿದೆ. ಮಕ್ಕಳಿಲ್ಲದ ದಂಪತಿಗಳು ಇದನ್ನು ನಂಬಿ ಹಣವನ್ನೂ, ಅದಕ್ಕಿಂತ ಅಮೂಲ್ಯವಾದ ಕಾಲವನ್ನೂ ವ್ಯಯಮಾಡುವುದುಂಟು. ಆದುದರಿಂದ ಈ ನಂಬಿಕೆಗಿರುವ ಆಧಾರಗಳನ್ನು ಪರಿಶೀಲಿಸುವುದು ಉಚಿತವಾಗಿದೆ.

ಈ ವಿಚಾರದ ಮೂಲವಿರುವುದು ಮೀನಿನ ವೀರ್ಯದಲ್ಲಿ. 1874ರಲ್ಲಿ ಬಾಸೆಲ್ ನಗರದ ಮೀಷರನು ರೈನ್ ನದಿಯ ಸ್ಯಾಮನ್ ಮೀನಿನ ವೀರ್ಯಾಣುಗಳಲ್ಲಿ ಕ್ಷಾರಗುಣವುಳ್ಳ ವಸ್ತುವೊಂದನ್ನು ಕಂಡು ಅದಕ್ಕೆ ಪ್ರೋಟಮೀನ್ ಎಂದು ಹೆಸರಿಟ್ಟನು. 1910ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದ ಕೊಸೆಲನು, ಇದರಲ್ಲಿ ಆರ್ಜಿನೀನೇ ಅತ್ಯಧಿಕವೆಂದು ತೋರಿಸಿದನು. ಸ್ಯಾಮನ್ನಿನ ಪ್ರೋಟಮೀನಿನಲ್ಲಿ ಮೂರರಲ್ಲಿ ಎರಡು ಪಾಲು ಘಟಕಗಳು ಆರ್ಜಿನೀನ್. ಮನುಷ್ಯನ ಮುಖ್ಯ ಪ್ರೋಟಮೀನೊಂದರಲ್ಲಿ ಸುಮಾರು ಅರ್ಧ. ಇದಕ್ಕೆ ಕಾರಣವುಂಟು. ಆನುವಂಶಿಕ ದ್ರವ್ಯವಾದ ಡಿ.ಎನ್.ಎ.ಯು ಋಣವಿದ್ಯುತ್ತುಳ್ಳದ್ದು, ಆರ್ಜಿನೀನ್ ಧನವಿದ್ಯುತ್ತುಳ್ಳದ್ದು. ಇವೆರಡೂ ಬಿಗಿಯಾಗಿ ಹೆಣೆದುಕೊಳ್ಳುವುದರಿಂದಲೇ ಅಷ್ಟು ಉದ್ದದ ಎಳೆಗಳು ವೀರ್ಯಾಣುವಿನ ಸಣ್ಣ ತಲೆಯೊಳಗೆ ಅಡಗುವುವು.

ಹೀಗಿರಲು, ಆರ್ಜಿನೀನ್ ಕಡಮೆಯಾದರೆ ವೀರ್ಯಾಣುಗಳೂ ಕಡಮೆಯಾಗಬೇಕೆಂದು ಊಹಿಸುವುದು ಸಹಜ. 1944ರಲ್ಲಿ ಅಮೆರಿಕದ ಹೋಲ್ಟ್ ಮತ್ತು ಆಲ್ಬನೀಸ್ ಎಂಬವರು, ಆರ್ಜಿನೀನ್ ಇಲ್ಲದ ಆಹಾರವನ್ನು 9 ದಿನ ಸೇವಿಸಿದ ಪುರುಷರಲ್ಲಿ ವೀರ್ಯಾಣುಗಳ ಸಂಖ್ಯೆಯು ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯಿತೆಂದು ವರದಿಮಾಡಿದರು. ಆದರೆ ವೃಷಣದಲ್ಲಿ ವೀರ್ಯಾಣುವೊಂದು ರೂಪುಗೊಳ್ಳಲು ಸುಮಾರು 74 ದಿನಗಳು ಬೇಕು. ಒಂಬತ್ತನೆಯ ದಿನ ಹೊರಬಿದ್ದ ವೀರ್ಯಾಣುಗಳು ಎರಡು ತಿಂಗಳಿಗೂ ಹಿಂದೆಯೇ ಆರಂಭಗೊಂಡವು. ಆದುದರಿಂದ ಈ ಇಳಿಕೆಯನ್ನು ಕಟ್ಟುವ ಸಾಮಗ್ರಿಯ ಅಭಾವದಿಂದ ಮಾತ್ರವೇ ವಿವರಿಸುವುದು ಕಷ್ಟ.

1973ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ, ವೀರ್ಯಾಣುಗಳು ವಿರಳವಾಗಿದ್ದ 178 ಮಂದಿಗೆ ಆರ್ಜಿನೀನ್ ಕೊಡಲಾಗಿ, ಹೆಚ್ಚು ಮಂದಿಗೆ ಗುಣ ಕಂಡಿತೆಂದು ಹೇಳಿದೆ. ಆದರೆ ಹೋಲಿಸಿ ನೋಡಲು ಔಷಧವಿಲ್ಲದ ಗುಂಪು ಅಲ್ಲಿರಲಿಲ್ಲ. ವೀರ್ಯಾಣುಗಳ ಎಣಿಕೆಯು ಅದೇ ಪುರುಷನಲ್ಲಿಯೂ ತಾನಾಗಿಯೇ ಏರಿಳಿಯುವುದರಿಂದ ಈ ಕೊರತೆಯು ಅಲ್ಪವಲ್ಲ. 1978ರಲ್ಲಿ ಬ್ರಿಟನ್ನಿನ ಪ್ರಯರ್ ಮೊದಲಾದವರು ದಿನಕ್ಕೆ 4 ಗ್ರಾಂ ಆರ್ಜಿನೀನನ್ನು ಸತ್ತ್ವಹೀನ ವಸ್ತುವಿನೊಡನೆ ಹೋಲಿಸಿ ಪರೀಕ್ಷಿಸಿದಾಗ, ಆರ್ಜಿನೀನಿಗೆ ಯಾವ ಹೆಚ್ಚುಗಾರಿಕೆಯೂ ಕಾಣಲಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕಡಲೆಕಾಯಿ, ಎಳ್ಳು, ಬೇಳೆಗಳಲ್ಲಿ ಆರ್ಜಿನೀನ್ ಯಥೇಚ್ಛವಾಗಿದೆ. ಅಲ್ಲದೆ ಕರುಳು ಒದಗಿಸುವ ಸಿಟ್ರುಲೀನಿನಿಂದ ಮೂತ್ರಪಿಂಡವು ಅದನ್ನು ತಯಾರಿಸುವುದು. ವೃಷಣದ ರಕ್ತನಾಳಗಳ ಊತ, ನಾಳಗಳ ಅಡಚಣೆ, ರಸದೂತಗಳ ನ್ಯೂನತೆ, ಆನುವಂಶಿಕ ದೋಷ ಮೊದಲಾದುವು ಬಂಜೆತನಕ್ಕೆ ಕಾರಣಗಳಾಗಿರುವಲ್ಲಿ, ಇಟ್ಟಿಗೆಯ ರಾಶಿಯನ್ನು ಹೆಚ್ಚಿಸಿದ ಮಾತ್ರಕ್ಕೆ ಮನೆ ಏಳಲಾರದು.

ಆರ್ಜಿನೀನಿಗೆ ಮತ್ತೊಂದು ಕಾರ್ಯವೂ ಉಂಟು. ರಕ್ತನಾಳಗಳನ್ನು ಸಡಿಲಿಸಿ ಲಿಂಗೋದ್ರೇಕಕ್ಕೆ ನೆರವಾಗುವ ನೈಟ್ರಿಕ್ ಆಕ್ಸೈಡ್ ಅದರಿಂದಲೇ ಹುಟ್ಟುವುದು. 1999ರಲ್ಲಿ ವರದಿಯಾದ ಪರೀಕ್ಷೆಯೊಂದರಲ್ಲಿ ದಿನಕ್ಕೆ 5 ಗ್ರಾಂ ಸೇವಿಸಿದ 29 ಮಂದಿಯಲ್ಲಿ 9 ಮಂದಿಯೂ, ಸತ್ತ್ವಹೀನ ವಸ್ತುವನ್ನು ಪಡೆದ 17 ಮಂದಿಯಲ್ಲಿ 2 ಮಂದಿಯೂ ಗುಣವನ್ನು ಹೇಳಿಕೊಂಡರು. ಇದು ಅಲ್ಪ ಪ್ರಯೋಜನ; ಅದೂ ಸಂತಾನಶಕ್ತಿಗೆ ಸಂಬಂಧಿಸಿದುದಲ್ಲ. ಮೇಲಾಗಿ ಇದು ನಿರಪಾಯವೆಂದು ಎಣಿಸತಕ್ಕದ್ದಲ್ಲ. 2006ರಲ್ಲಿ ಪ್ರಕಟವಾದಂತೆ, ಹೃದಯಾಘಾತದಿಂದ ಚೇತರಿಸಿಕೊಳ್ಳುತ್ತಿದ್ದ 153 ಮಂದಿಯ ಪರೀಕ್ಷೆಯಲ್ಲಿ ಆರ್ಜಿನೀನ್ ಪಡೆದವರಲ್ಲಿ 6 ಮಂದಿ ಮೃತರಾದರು. ಮತ್ತೊಂದು ಗುಂಪಿನಲ್ಲಿ ಯಾರೂ ಸಾಯಲಿಲ್ಲ.

ಆದಕಾರಣ ಸಂತಾನವನ್ನು ಬಯಸುವ ಪುರುಷನು ಮೊದಲು ವೀರ್ಯಪರೀಕ್ಷೆಯನ್ನು ಮಾಡಿಸಿ, ಕಾರಣವನ್ನು ತಿಳಿಯತಕ್ಕದ್ದು. ವಯಸ್ಸು ಪತ್ನಿಗೂ ಏರುತ್ತಿರುವುದರಿಂದ, ಪುಡಿಯನ್ನು ನಂಬಿ ಕಳೆದ ವರ್ಷಗಳು ಮರಳಿ ಬಾರವು.