ಸ್ನೇಹಾ ಸತ್ತಾಗ ನೋಡುಗರಿಗೆ ಸಿಟ್ಟು ಬಂದದ್ದು ಯಾಕೆ?

2024ರಲ್ಲಿ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಸ್ನೇಹಾ ಸತ್ತಾಗ ನೋಡುಗರು ಸಿಟ್ಟಾದರು. ಕಥೆಯನ್ನೇ ನಿಜ ಅಂತ ನಂಬುವ ಮುಗ್ಧರು ಎಂದು ಅವರನ್ನು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಪುಟ್ಟಕ್ಕನ ಪಾತ್ರ ಮಾಡಿದ ಉಮಾಶ್ರೀ ಅವರನ್ನೇ ನೋಡಿ. ಬಾಗಲಕೋಟೆ ಜಿಲ್ಲೆಯ ತೇರದಾಳದ ಮತದಾರರು 2013ರಲ್ಲಿ ಅವರನ್ನು ಗೆಲ್ಲಿಸಿದರು, 2018ರಲ್ಲಿ ಸೋಲಿಸಿದರು. ಬಣ್ಣ ಹಚ್ಚಿದ ಮುಖ ಯಾವುದು, ಓಟು ಕೇಳುವ ಮುಖ ಯಾವುದು ಎಂಬುದು ಈ ಜನಕ್ಕೆ ಚೆನ್ನಾಗಿ ಗೊತ್ತು.

ಹಾಗಾದರೆ ಸಿಟ್ಟು ಯಾತಕ್ಕೆ? ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟೆಂಟಿನೊಳಗೆ ಕೂತವರು ಮೆಚ್ಚಿದರೆ ‘ಒನ್ಸ್ ಮೋರ್’ ಅಂತಾರೆ, ಮೆಚ್ಚದಿದ್ದರೆ ಅದನ್ನೂ ಜೋರಾಗಿಯೇ ತಿಳಿಸುತ್ತಾರೆ. ಅದು ಮುಗ್ಧತೆಯಲ್ಲ, ವಿಮರ್ಶೆ. ಧಾರಾವಾಹಿ ನೋಡುಗರ ಸಿಟ್ಟೂ ಅಂಥದ್ದೇ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕುತ್ತಾರೆ. ಅಲ್ಲಿ ಬಣ್ಣ ಬದಲಾಗುತ್ತದೆ, ಸೀರೆ ಕಡಿಯುವುದಿಲ್ಲ. ನೋಡುಗರು ಹುಡುಕಿದ್ದು ಆ ಕೊಂಡಿಯನ್ನೇ. ತಾಯಿ ಪುಟ್ಟಕ್ಕ ಮೆಸ್ ನಡೆಸಿ ಬೆಳೆಸಿದ ಮಗಳು ಸ್ನೇಹಾ ಡಿಸಿ ಕುರ್ಚಿಯವರೆಗೆ ಬಂದಳು. ವರ್ಷಗಟ್ಟಲೆ ನೂತ ಆ ಎಳೆ ಒಮ್ಮೆಲೇ ತುಂಡಾಯಿತು.

ಸ್ನೇಹಾಳ ಪಾತ್ರಧಾರಿ ಸಂಜನಾ ಬುರ್ಲಿ ಧಾರಾವಾಹಿಯಿಂದ ಹೊರನಡೆದ ಮೇಲೆ ತಂಡವಾದರೂ ಏನು ಮಾಡೀತು ಎನ್ನಬಹುದು. ನ್ಯಾಯವಾದ ಮಾತೇ. ನಟಿ ಬಿಡುವುದು ಅವರ ಹಕ್ಕು, ಅವರನ್ನು ಬೈಯುವುದು ಸಲ್ಲದು. ಆದರೆ ನಮ್ಮ ಧಾರಾವಾಹಿಗಳಲ್ಲಿ ಪಾತ್ರಧಾರಿ ಬದಲಾಗುವುದು ಹೊಸದೇನಲ್ಲ. ಜನ ನಾಲ್ಕು ದಿನ ಗೊಣಗುತ್ತಾರೆ, ಆಮೇಲೆ ಹೊಸ ಮುಖಕ್ಕೆ ಹೊಂದಿಕೊಳ್ಳುತ್ತಾರೆ. ಪಾತ್ರವನ್ನೇ ಸಾಯಿಸುವುದು ಬರವಣಿಗೆಯ ತೀರ್ಮಾನ. ಹುನಗುಂದದಲ್ಲಿ ರೊಟ್ಟಿ ಬಡಿಯುತ್ತಾ ಟೀವಿ ನೋಡುವ ಹೆಂಗಸು ‘ಹಿಂಗ ಮಾಡಬಾರದಿತ್ತು’ ಅಂದರೆ, ಅದು ಆ ತೀರ್ಮಾನಕ್ಕೆ ಬಂದ ಉತ್ತರ.